ಗಾಳಿಯಂತ್ರದ ಮೇಲಿನ ಶುಕ್ರ

ಲಾಸ್ ಗಾರ್ಸಾಸ್, ನ್ಯೂ ಮೆಕ್ಸಿಕೊ
9 ನವೆಂಬರ್ 1952

ಪ್ರೀತಿಯ ಅಣ್ಣ ಎಲಿಸಿಯೊ,

ಚೆನ್ನಾಗಿದ್ದೀಯಾ? ಇಷ್ಟು ದಿನ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ನಿನ್ನ ವಿಳಾಸ ಸಿಕ್ಕಿದ್ದೇ ಮೊನ್ನೆ, ಕಸಿಲ್ದಾ ಅತ್ತೆಯ ಮಗ ಕ್ಯಾಲಿಫೋರ್ನಿಯಾದಿಂದ ರಜೆಗೆ ಬಂದಾಗ. ನಾನು ಸ್ಕೂಲು ಬಿಟ್ಟೆ. ಟೀಚರು "ನನ್ನ ಪಾಠ ಹೇಗಿದೆ?" ಎಂದು ಕೇಳಿದರು, ಹೇಳಿದೆ. ಅಷ್ಟೇ ನಡೆದದ್ದು.

ಈಗ ದೊಡ್ಡ ಸುದ್ದಿ ಕೇಳು. ನಮ್ಮೂರಿಗೆ ಮಿಲಿಟರಿ ಬಂದಿತ್ತು! ವಾಯುಪಡೆಯ ಪೈಲಟ್ ಒಬ್ಬ ನಮ್ಮ ಹುಲ್ಲುಗಾವಲಿನ ಮೇಲೆ, ಆಕಾಶದಲ್ಲಿ ನಿಂತಲ್ಲೇ ನಿಂತು ಕಣ್ಣು ಮಿಟುಕಿಸುವ ಬೆಳಕೊಂದನ್ನು ಕಂಡನಂತೆ. ತನಿಖೆಗೆ ಕ್ಯಾಪ್ಟನ್ ಹಾಲ್ವರ್ಸನ್ ಬಂದರು, ಇಸ್ತ್ರಿ ಮುರಿಯದ ಪ್ಯಾಂಟಿನಲ್ಲಿ.

ಅದು ಏನೆಂದು ಊರಿಗೆಲ್ಲ ಗೊತ್ತು. ಅಪ್ಪ ನಮ್ಮ ಗಾಳಿಯಂತ್ರದ ತುದಿಗೆ ಹಗ್ಗ ಕಟ್ಟಿ ಏರಿಸುವ ಲಾಟೀನು. ರೆಕ್ಕೆ ಅಡ್ಡ ಬಂದಾಗಲೆಲ್ಲ ಮಿನುಗುತ್ತದೆ. ಕುರಿ ಕಾಯಲು ಹೋದವನು ಮನೆಗೆ ಬರದಿದ್ದರೆ, ಬರುವವರೆಗೂ ನಮ್ಮಲ್ಲಿ ಏರಿಸುತ್ತಾರಲ್ಲ, ಅದೇ. ಯಾರಿಗಾಗಿ ಎಂದು ಅಪ್ಪನನ್ನು ಯಾರೂ ಕೇಳುವುದಿಲ್ಲ. ನಿನ್ನ ಹೆಸರು ಈ ಮನೆಯಲ್ಲಿ ಎತ್ತಕೂಡದೆಂದು ಆಣೆ ಹಾಕಿಸಿದವನು ಅವನೇ ತಾನೆ? ಹಾಗಾಗಿ ಅವನ ಮಾನ ಉಳಿಸಲು ಊರಿಗೆ ಊರೇ ಸುಳ್ಳು ಹೇಳಲು ನಿಂತಿತು.

"ಹಾರೋ ತಟ್ಟೆ ಸಾಹೇಬರೆ, ಹಾರೋ ತಟ್ಟೆ!" ಎಂದಳು ಕಸಿಲ್ದಾ ಅತ್ತೆ. "ನಮ್ಮ ರೊಟ್ಟಿ ಹೆಂಚಿನಷ್ಟಗಲ. ಇಬ್ಬರು ಇಳಿದು ನನ್ನ ಮೆಣಸಿನಕಾಯಿ ಕದ್ರು."

"ಅಷ್ಟಗಲದಲ್ಲಿ ಇಬ್ಬರು ಹೇಗಮ್ಮ ಕೂತ್ರು?"

"ಗಂಡ ಹೆಂಡ್ತಿ ಇರಬೇಕು."

"ಯಾವ ಬಣ್ಣ ಇದ್ರು?"

"ಕೆಂಪು. ಹಸಿರು ಮೆಣಸಿನಕಾಯಿ ಹೋದ ತಿಂಗಳೇ ಮುಗೀತು."

ನನ್ನನ್ನು ಮಾತ್ರ ನಮ್ಮ ಅಡುಗೆಮನೆಯಲ್ಲೇ ಕೂಡಿಹಾಕಿದ್ದರು. "ನೀನು ಹೊರಗೆ ಬಂದ್ರೆ ನಿಜ ಉದುರುತ್ತೆ ಕಣೇ. ಮೆಣಸಿನಕಾಯಿ ಪೋಣಿಸ್ತಾ ಇರು" ಎಂದು ಅತ್ತೆಯ ಅಪ್ಪಣೆ.

ಆದರೆ ಕ್ಯಾಪ್ಟನ್ ದಡ್ಡರಲ್ಲ. ಗಾಳಿಯಂತ್ರದ ಬುಡದಲ್ಲಿ ಸೀಮೆಎಣ್ಣೆಯ ಕಲೆ ಕಂಡು ಅಪ್ಪನನ್ನು ಅಂಗಳಕ್ಕೆ ಕರೆದರು. "ವಿಮಾನಗಳಿಗೆ ಗೊಂದಲ ಆಗುತ್ತೆ, ಇವತ್ತೇ ಆರಿಸಿಬಿಡಿ. ಯಾರಾದ್ರೂ ನಿಜವಾಗಿ ದಾರಿ ತಪ್ಪಿದ್ರೆ ಬೇರೆ ಮಾತು. ತಪ್ಪಿದಾರಾ?"

ಅಪ್ಪ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. "ಒಂದು ಟಗರು."

"ಟಗರಿಗೆ ಲಾಟೀನಾ?"

"ಒಳ್ಳೇ ಟಗರು ಸಾಹೇಬರೆ. ಮೊಂಡು. ಎಡಹುಬ್ಬಿನ ಮೇಲೊಂದು ಗಾಯದ ಗುರುತು. ನಾನು ಕೈ ಮಾಡಿದೆ. ಹೊರಟುಹೋಯ್ತು."

ಕ್ಯಾಪ್ಟನ್ ಕಿಟಕಿಯಲ್ಲಿದ್ದ ನನ್ನ ಕಡೆ ತಿರುಗಿದರು. "ಈ ಊರಲ್ಲಿ ಸುಳ್ಳು ಹೇಳದವಳು ನೀನೊಬ್ಬಳೇ ಅಂತ ನಿಮ್ಮ ಟೀಚರು ಅತ್ತುಕೊಂಡು ಹೇಳಿದ್ರು. ನಿಮ್ಮಪ್ಪ ಹೇಳಿದ್ದು ನಿಜವಾ?"

ಅತ್ತೆ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ಅಪ್ಪ ನನ್ನತ್ತ ನೋಡಲೇ ಇಲ್ಲ.

"ಟಗರು ಅನ್ನೋದೊಂದು ಬಿಟ್ಟು ಉಳಿದದ್ದೆಲ್ಲ ನಿಜ" ಅಂದೆ.

ಕ್ಯಾಪ್ಟನ್ ಪುಸ್ತಕ ತೆರೆದು ಏನೋ ಗೀಚಿಕೊಂಡರು. "ಶುಕ್ರಗ್ರಹ ಅಂತ ಬರೆದಿದೀನಿ. ಶುಕ್ರನನ್ನ ಆರಿಸಿ ಅಂತ ನಮ್ಮ ಜನರಲ್ ಸಾಹೇಬರೂ ಹೇಳಕ್ಕಾಗಲ್ಲ."

"ಹಾಗಾದ್ರೆ ನನ್ನ ತಟ್ಟೆ?" ಎಂದು ಅತ್ತೆ ಜೀಪಿನ ಹಿಂದೆಯೇ ಓಡಿದಳು.

ಹೊತ್ತಿಗೆ ಸರಿಯಾಗಿ ಉಣ್ಣು ಅಣ್ಣ. ದೇವಮಾತೆ ನಿನ್ನನ್ನು ಕಾಯಲಿ.

ನಿನ್ನ ತಂಗಿ,
ಡೆಲ್ಫಿನಾ

ತಾ.ಕ.: ಅಪ್ಪನ ಕಣ್ಣಿಗೆ ಪೊರೆ ಬಂದಿದೆ. ಹಗ್ಗ ತಾನೇ ಎಳೆಯುತ್ತಾನೆ, ಬೆಳಕು ಕಾಣುವುದಿಲ್ಲ. "ಹತ್ತಿದೆಯೇನೇ?" ಎಂದು ಕೇಳುತ್ತಾನೆ. ಹತ್ತಿದೆ ಅಪ್ಪ, ಅನ್ನುತ್ತೇನೆ. ಸ್ವಲ್ಪ ಹೊತ್ತು ಬಿಟ್ಟು, "ದಾರೀಲಿ ಯಾರಾದ್ರೂ ಬರ್ತಿದಾರಾ?" ಅನ್ನುತ್ತಾನೆ. ಅದಕ್ಕೂ ನಾನು ನಿಜವನ್ನೇ ಹೇಳಬೇಕಾಗಿದೆ.