ಡೊರೀನ್ ಎಂದು ಕರೆದ ದಿನ

ಅಪ್ಪ,

ಸಮಸ್ತ ಲೋಕಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಿಮ್ಮ ಮಗಳು ರುಕ್ಮಿಣಿ ಇಂದು ಜೂಂಡಲಪ್ ಆಸ್ಪತ್ರೆಯ ವಾರ್ಡಿನಲ್ಲಿ ಎಂಬತ್ತು ದಾಟಿದ ಹೆಂಗಸನ್ನು ಹೆಸರು ಹಿಡಿದು ಕರೆದಳು. ನೀವಿದ್ದಿದ್ದರೆ ಒಂದು ಹೊತ್ತು ನನ್ನ ಜೊತೆ ಮಾತು ಬಿಡುತ್ತಿದ್ದಿರಿ.

ರೋಗಿಗಳನ್ನು ಅವರು ಬಯಸಿದಂತೆಯೇ ಕರೆಯಬೇಕೆಂದು ನರ್ಸ್‌ಗಳಾದ ನಮಗೆ ತರಬೇತಿ ಕೊಡುತ್ತಾರೆ. ಇವರು ಬಯಸಿದ್ದು ಬರೀ ಡೊರೀನ್. ಹಿರಿಯರ ಹೆಸರು ನನ್ನ ಬಾಯಲ್ಲಿ ಹೊರಡದು, ಆಂಟಿ ಎಂದರೆ ಅವರಿಗಾಗದು. ಹಾಗಾಗಿ ವಾರವಿಡೀ "ಎಕ್ಸ್‌ಕ್ಯೂಸ್ ಮಿ" ಎಂದೇ ಮಾತ್ರೆ ನುಂಗಿಸಿದೆ.

ಇವತ್ತು ಬೆಳಿಗ್ಗೆ ಏದುಸಿರಿನ ನಡುವೆ, ಇಲ್ಲಿನವರ ವಾಡಿಕೆಯ ಅಕ್ಕರೆಯಲ್ಲಿ ಕೇಳಿದರು: "ಲವ್, ನಂಗೆ ಹೆಸರಿಲ್ವಾ? ಆ ಹೆಸರು ಹಿಡಿದು ಕರೆಯೋರೆಲ್ಲ ಹೋಗ್ಬಿಟ್ರು."

ಕುರ್ಚಿ ಎಳೆದು ಕೂತು, "ಡೊರೀನ್" ಎಂದೆ.

"ಅಷ್ಟು ಕಷ್ಟವಾಯ್ತಾ?"

"ನಮ್ಮಪ್ಪ ಕೇಳಿಸ್ಕೊಂಡಿದ್ರೆ ಬೈತಿದ್ರು. ಹೋದ ವರ್ಷ ಇಲ್ಲಿಂದ ಎಷ್ಟೋ ದೂರ, ಅಡಿಲೇಡ್ ಆಸ್ಪತ್ರೇಲಿ ತೀರ್ಕೊಂಡ್ರು."

"ಕೊನೇಲಿ ಪಕ್ಕದಲ್ಲಿ ಯಾರು ಕೂತಿದ್ರು?"

ನಾನು ಅವರ ದಿಂಬು ಸರಿಮಾಡಿದೆ. ಅದು ಸರಿಯಾಗಿಯೇ ಇತ್ತು.

ಮಧ್ಯಾಹ್ನ ಡೊರೀನ್ ಹೋಗಿಬಿಟ್ಟರು. ಅಲ್ಲಿ ಸಿಕ್ಕರೆ ಬಲಗಡೆ ಕೂತು ಮಾತಾಡಿಸಿ, ಅಪ್ಪ. ಅವರಿಗೆ ಎಡಗಿವಿ ಕೇಳಿಸುವುದಿಲ್ಲ.