‘ಕಾಲುವೆಯಲ್ಲಿ ಜೀವವಿದೆ’ ಎಂದು ಬರೆಸಿದವರಿಗೆ

ಪ್ರಾಂತ್ಯದ ಜಲಪರೀಕ್ಷಾ ಇಲಾಖೆಯ ಮುಖ್ಯಸ್ಥರಿಗೆ,

ಮಾನ್ಯರೇ,

ತಾಮ್ರದ ಕಾರ್ಖಾನೆಯಿಂದ ಹರಿದುಬರುವ ಕಾಲುವೆಯ ನೀರು ಜಾನುವಾರುಗಳಿಗೆ ಯೋಗ್ಯವೆಂದು ನೀವು ನೆಡಿಸಿದ ಫಲಕ ಸುಳ್ಳು. ಆ ಸುಳ್ಳಿನ ಕೆಳಗೆ, ಪರೀಕ್ಷಿಸಿದವರು ಎಂದು ನನ್ನ ಹೆಸರಿತ್ತು. ಅದನ್ನು ನಂಬಿದವರ ಅರವತ್ತೊಂದು ಕುರಿಗಳು ಸತ್ತಿವೆ. ನಿಮಗೆ ಗುಟ್ಟಾಗಿ ಬರೆಯುವ ಸೌಜನ್ಯ ನನ್ನಲ್ಲಿ ಉಳಿದಿಲ್ಲ; ಇದು ಬಹಿರಂಗ ಪತ್ರ.

ಏಪ್ರಿಲ್‌ನಲ್ಲಿ ತಾವು ನಮ್ಮ ಪ್ರಯೋಗಾಲಯಕ್ಕೆ ದಯಮಾಡಿಸಿದಿರಿ. ಚಹಾ ಕುಡಿದು, ಕರಿದ ಹಿಟ್ಟಿನುಂಡೆ ಬೌರ್ಸಾಕ್ ತಿಂದ ಎಣ್ಣೆಗೈ ಒರೆಸಿಕೊಂಡು, ನನ್ನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿರಿ. ಕಾಲುವೆಯ ಒಂದೇ ಹನಿಯಲ್ಲಿ ಏಕಕೋಶ ಜೀವಿಗಳು ಗಿಜಿಗುಡುತ್ತಿದ್ದವು.

“ಏನ್ ಚುರುಕಾಗಿದಾವೆ! ಕಣ್ಣಿಗೇ ಕಾಣದ ಇವಕ್ಕೇ ಏನೂ ಆಗ್ಲಿಲ್ಲ ಅಂದ್ಮೇಲೆ ಕುರಿಗೇನಾಗುತ್ತೆ?” ಎಂದಿರಿ.

“ಮೂವತ್ತು ಬಗೆಯವು ಇರಬೇಕಿತ್ತು ಸರ್, ಮೂರೇ ಉಳಿದಿವೆ” ಎಂದೆ.

“ಮೂರಾದ್ರೂ ಇವೆಯಲ್ಲಮ್ಮ!”

ನಿಮ್ಮ ಜೊತೆ ಬಂದವರೆಲ್ಲ ನಕ್ಕರು.

ಅಂದು ನೀವು ಕೇಳಿಸಿಕೊಳ್ಳದ್ದನ್ನು ಈಗ ಊರೆಲ್ಲ ಕೇಳಲಿ. ಆ ಮೂರು ಬಗೆಯವು ಬದುಕಿರುವುದು ನೀರು ಚೆನ್ನಾಗಿರುವುದರಿಂದಲ್ಲ. ಒಳಹೊಕ್ಕ ತಾಮ್ರವನ್ನು ಒಂದು ಪ್ರೋಟೀನಿನಿಂದ ಕಟ್ಟಿಹಾಕುತ್ತವೆ, ಪುಟ್ಟ ಚೀಲಗಳಲ್ಲಿ ತುಂಬಿ ಬೇರೆ ಇಡುತ್ತವೆ, ಮಿಕ್ಕಿದ್ದನ್ನು ಹೊರಕ್ಕೆ ದಬ್ಬುತ್ತವೆ. ದಿನಕ್ಕೆ ಎರಡು ಮೂರು ತಲೆಮಾರು ಕಾಣುವ ಜೀವಿಗಳು ಅವು. ತಾಳದವು ಸತ್ತು, ತಾಳಿದವು ಉಳಿದವು. ಕುರಿಗೆ ಅಷ್ಟು ಬಿಡುವು ಎಲ್ಲಿದೆ? ಅದರ ಯಕೃತ್ತು ತಾಮ್ರವನ್ನು ಸುಮ್ಮನೆ ಕೂಡಿಡುತ್ತದೆ. ತಿಂಗಳುಗಟ್ಟಲೆ ಏನೂ ತೋರುವುದಿಲ್ಲ. ಕುರಿ ಬೆದರಿದ ಇಲ್ಲವೇ ಬಳಲಿದ ಒಂದು ದಿನ ಅದೆಲ್ಲ ರಕ್ತಕ್ಕೆ ಇಳಿಯುತ್ತದೆ. ಸ್ಮಶಾನದಲ್ಲಿ ಹುಲ್ಲು ಹಸಿರಾಗಿದೆಯೆಂದು ಊರಿನ ಆರೋಗ್ಯಕ್ಕೆ ಪ್ರಮಾಣಪತ್ರ ಕೊಡುತ್ತೀರಾ?

ಕುರಿಗಾಹಿ ಎರ್ಮುಖಾನ್ ಫಲಕ ಓದಿ, ಬೇಸಿಗೆಯಿಡೀ ಮಂದೆಯನ್ನು ಅಲ್ಲಿಯೇ ನೀರಿಗೆ ಬಿಟ್ಟ. ಸೆಪ್ಟೆಂಬರ್‌ನಲ್ಲಿ ಉಣ್ಣೆ ಕತ್ತರಿಸಿದ ಮರುದಿನ ಮೊದಲ ಕುರಿ ಮಲಗಿತು. ಕಣ್ಣು ಹಳದಿ, ಮೂತ್ರ ಕರಿಚಹಾದ ಬಣ್ಣ. ಒಂಬತ್ತು ದಿನಗಳಲ್ಲಿ ದೊಡ್ಡಿ ಬರಿದಾಯಿತು. ಪಶುವೈದ್ಯರು ಕೊಯ್ದು ತೋರಿಸಿದ ಮೂತ್ರಪಿಂಡ ಕಪ್ಪಗಿತ್ತು.

ನಾನು ಹೋದಾಗ ಅವನ ಹೆಂಡತಿ ಬಿಬಿನೂರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಆಪಾ, ಅಧಿಕಾರಿಗಳ ಮಾತನ್ನ ನಾವು ಯಾವತ್ತು ನಂಬಿದ್ವಿ? ಕೆಳಗೆ ನಿಮ್ಮ ಹೆಸರಿತ್ತಲ್ಲ, ಅದಕ್ಕೇ ನಂಬಿದ್ವಿ” ಎಂದಳು. ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಿದ್ದಳು. ಎಲ್ಲಿಯದು ಎಂದು ಕೇಳಿದೆ. “ಇನ್ನೆಲ್ಲಿಯದು?” ಎಂದಳು.

ಮಾನ್ಯರೇ, ನಾನು ಸಹಿ ಹಾಕಿದ್ದು ಮೂರು ಎಂಬ ಎಣಿಕೆಗೆ ಮಾತ್ರ. ‘ಜೀವಸಮೃದ್ಧ, ಯೋಗ್ಯ’ ಎಂಬುದು ನಿಮ್ಮ ಕಚೇರಿಯ ಸಾಹಿತ್ಯ. ಆದರೆ ಜೂನ್‌ನಲ್ಲೇ ಫಲಕವನ್ನು ಕಂಡಿದ್ದೆ. ನಿವೃತ್ತಿಗೆ ಎರಡು ವರ್ಷವಿದೆಯೆಂದು ಬಾಯಿ ಮುಚ್ಚಿಕೊಂಡು ಬಸ್ ಹತ್ತಿದೆ. ನಿಮ್ಮ ಪಾಲು ನಿಮಗೆ, ನನ್ನದು ನನಗೆ.

ಎರ್ಮುಖಾನ್ ಹೋದ ವಾರ ಆ ಫಲಕವನ್ನು ಕಿತ್ತೆಸೆದ. ಕುರಿ ಸತ್ತಾಗ ಅಲುಗದ ಇಲಾಖೆ, ತಗಡು ಬಿದ್ದ ಮರುದಿನವೇ ಸರ್ಕಾರಿ ಆಸ್ತಿ ಹಾಳುಮಾಡಿದನೆಂದು ಮೊಕದ್ದಮೆ ಹೂಡಿತು. ಎಂಥ ದಕ್ಷತೆ!

ಮೊಕದ್ದಮೆ ವಾಪಸ್ ಪಡೆಯಿರಿ. ಕಾಲುವೆ ಬದಿಯ ಹದಿನಾಲ್ಕು ಮನೆಗಳಿಗೆ ಇದೇ ವಾರ ಟ್ಯಾಂಕರಿನಲ್ಲಿ ಕುಡಿಯುವ ನೀರು ಕಳಿಸಿ. ಅಲ್ಲಿಯವರೆಲ್ಲರ ರಕ್ತ ಪರೀಕ್ಷೆಯಾಗಲಿ, ಮೊದಲು ಬಿಬಿನೂರ್‌ಳದು. ಅವಳಿಗೆ ಈಗ ಏಳು ತಿಂಗಳು.

ಇಂತಿ,
ಕೆಲಸದಲ್ಲಿ ಇನ್ನೆಷ್ಟು ದಿನವೋ ತಿಳಿಯದ,
ಉಲ್ಬೋಸಿನ್, ನೀರು ಪರೀಕ್ಷಕಿ