‘ತೆಗೆ’ ಎಂದು ಹೆಸರಿಟ್ಟವರಿಗೆ

ಫೆಬ್ರವರಿ ೩೧, ೨೩೮೭ (ಈಗ ಉಂಟು)

ಪೂಜ್ಯ ಪೂರ್ವಿಕರೇ,

ನಮ್ಮ ಮನೆಯ ಉಗ್ರಾಣದ ಬಾಗಿಲು ಇಂದು ಬೆಳಿಗ್ಗೆ ಒಂಬತ್ತರಿಂದ ತೆರೆದುಕೊಂಡಿಲ್ಲ ಎಂಬ ಸಂಗತಿಯನ್ನು ಸಮಸ್ತ ಮನುಕುಲದ ಗಮನಕ್ಕೆ ತರಲು ವಿಷಾದಿಸುತ್ತೇನೆ. ನಾನು ಒಳಗಿದ್ದೇನೆ. ಇಲ್ಲೇ ಮೂಲೆಯಲ್ಲಿದ್ದ ‘ಹಿಂದೋಲೆ’, ಅಂದರೆ ಹಿಂದಿನ ಕಾಲಕ್ಕೆ ಪತ್ರ ಒಯ್ಯುವ ಪೆಟ್ಟಿಗೆ, ಕೈಗೆ ಸಿಕ್ಕಿತು. ತಿಳಿಯದ ಪದಗಳು ಬಂದರೆ ಕ್ಷಮಿಸಿ. ನಮ್ಮನ್ನು ಕೂಡಿಹಾಕಿದ್ದು ತಿಳಿದ ಪದವೇ.

ನಮ್ಮ ಬಾಗಿಲುಗಳಿಗೆ ಚಿಲಕವಿಲ್ಲ, ಪ್ರೋಗ್ರಾಮ್ ಇದೆ. ಮುಚ್ಚಿಕೊಳ್ಳುವುದೊಂದೇ ಅದಕ್ಕೆ ಸ್ವಂತವಾಗಿ ಬರುವ ವಿದ್ಯೆ. ತೆರೆಯುವ ವಿದ್ಯೆ ಊರಿಗೆಲ್ಲ ಒಂದೇ ‘ಎರವಲುಗಂಟಿ’ನಲ್ಲಿದೆ, ನೀವು ಲೈಬ್ರರಿ ಎನ್ನುತ್ತಿದ್ದ ಕೋಡಿನ ಕಡತ. ಬಾಗಿಲು ಎದ್ದು ಕೆಲಸ ಶುರುಮಾಡುವಾಗ ಅದನ್ನು ಹೆಸರು ಹಿಡಿದು ಕರೆದು ತರಿಸಿಕೊಳ್ಳುತ್ತದೆ, ಮದುವೆಮನೆಯವರು ಊರೊಟ್ಟಿನ ಕೊಪ್ಪರಿಗೆ ತರಿಸಿದ ಹಾಗೆ. ಮನೆಗೊಂದು ಕೊಪ್ಪರಿಗೆ ಏಕೆಂದು ನೀವೇ ಮಾಡಿಟ್ಟ ಏರ್ಪಾಡು. ಜಾಣತನವೇ, ಬಿಡಿ. ಆದರೆ ಆ ಗಂಟಿಗೆ ನಿಮ್ಮಲ್ಲೊಬ್ಬರು ‘ತೆಗೆ’ ಎಂದು ಹೆಸರಿಟ್ಟರು. ಬಾಗಿಲು ತೆಗೆ ಎಂಬರ್ಥದಲ್ಲಿ.

ನಿನ್ನೆ, ಊರಿನ ಕಡತಗಳನ್ನು ಗುಡಿಸುವ ಚಂದ್ರಾವತಮ್ಮನ ಕಣ್ಣಿಗೆ ಅದು ಬಿತ್ತು. ವಿಧೇಯತೆಯಲ್ಲಿ ಅವರನ್ನು ಮೀರಿಸುವವರಿಲ್ಲ. ತೆಗೆದರು.

ಆಗಲೇ ಎದ್ದಿದ್ದ ಬಾಗಿಲುಗಳಿಗೆ ಏನೂ ಆಗಲಿಲ್ಲ. ತಂದ ಗಂಟು ಅವುಗಳ ಕೈಯಲ್ಲೇ ಇತ್ತು. ನಮ್ಮದು ಕಿರುಗುಡುತ್ತದೆಂದು ನಾನೇ ಒಳಗೆ ನಿಂತು ಅದನ್ನು ಒಮ್ಮೆ ಮಲಗಿಸಿ ಎಬ್ಬಿಸಿದೆ. ಮುಚ್ಚಿಕೊಂಡು ಎದ್ದಿತು. ‘ತೆಗೆ’ಯನ್ನು ಕರೆಯಿತು. ಓಗೊಡುವವರಿಲ್ಲ. ಇನ್ನೊಂದು ಪ್ರತಿಯೂ ಇಲ್ಲ, ಎಲ್ಲರಿಗೂ ಒಂದೇ ತಾನೆ?

ಜೊತೆಯಲ್ಲಿ ನನ್ನ ಅಕ್ಕ ತುಂಗಕ್ಕ ಇದ್ದಾಳೆ, ತೊಟ್ಟಿಲು ಇಳಿಸಲು ಬಂದವಳು. ಹೊರಗೆ ನನ್ನ ಮಗಳ ನಾಮಕರಣ. ಹನ್ನೊಂದೂವರೆಗೆ ಮುಹೂರ್ತ. ಮಗುವಿನ ಕಿವಿಯಲ್ಲಿ ಹೆಸರು ಉಸುರಬೇಕಾದ ಸೋದರತ್ತೆ ಇವಳೇ, ಆ ಹೆಸರು ಗೊತ್ತಿರುವವಳೂ ಇವಳೊಬ್ಬಳೇ. ಸಂದಿಯಿಂದ ಕೂಗಿಬಿಡು ಎಂದು ಬೇಡಿದೆ. ಉಸುರುವ ಹೆಸರನ್ನು ಕೂಗುವುದುಂಟೆ ಎಂದು ಹಪ್ಪಳದ ಡಬ್ಬಿಯ ಮೇಲೆ ಕುಳಿತುಬಿಟ್ಟಳು. ಮಗು ಅಳುವುದು ಕೇಳಿಸುತ್ತಿದೆ. ಅವಳ ತೊಟ್ಟಿಲಿಗೆ ನಾನು ಒರಗಿದ್ದೇನೆ.

ಬಾಗಿಲಾಚೆ ಚಂದ್ರಾವತಮ್ಮ ಹೇಳುತ್ತಲೇ ಇದ್ದಾರೆ: “ತೆಗೆ ಅಂತ ಬರ್ದಿತ್ತು ಸ್ವಾಮಿ, ತೆಗ್ದೆ. ಇಡು ಅಂತ ಬರ್ದಿದ್ರೆ ಇಡ್ತಿದ್ದೆ.”

ತುಂಗಕ್ಕನಿಗೆ ಸಿಟ್ಟು ಅವರ ಮೇಲಲ್ಲ, ನಿಮ್ಮ ಮೇಲೆ. “ಒಂದು ಹೆಸರಿಗೆ ಮೂರು ತಿಂಗ್ಳು ತಲೆ ಕೆಡಿಸ್ಕೊಂಡೆ ಕಣೋ. ಆ ಪುಣ್ಯಾತ್ಮ ಎರಡು ನಿಮಿಷ ಯೋಚ್ನೆ ಮಾಡ್ಬಾರ್ದಿತ್ತಾ?”

ಆ ಪುಣ್ಯಾತ್ಮರು ನೀವೇ ಆಗಿದ್ದು, ಹೆಸರು ಬರೆಯಲು ಈಗಷ್ಟೇ ಕುಳಿತಿದ್ದರೆ, ಒಂದು ಸಣ್ಣ ಉಪಕಾರ. ‘ಗೆ’ ಅಳಿಸಿ ‘ರೆ’ ಬರೆಯಿರಿ. ‘ತೆರೆ’. ಒಂದೇ ಅಕ್ಷರ. ನಿಧಾನವಾಗಿ ಮಾಡಿ ಎನ್ನುತ್ತಿದ್ದೆ, ಆದರೆ ಇಲ್ಲಿ ಈಗ ಹನ್ನೊಂದು ಇಪ್ಪತ್ತು.